ಕಾಚಂಪುಳಿ ಬಾಟಲಿ ಮತ್ತು ಒನ್‌ವೇ ಟಿಕೆಟ್

(ಕೊಡಗಿನ ಗೋಣಿಕೊಪ್ಪಲಿನಲ್ಲಿ ಹಿರಿಯರ ಒಂದು ಸಂಜೆ ಕೂಟದಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ಬರೆದದ್ದು.)

ಮೊದಲು ಒಂದು ಸಲ ಕೈ ಎತ್ತಿ ನೋಡೋಣ. ವಿಮಾನ ನಿಲ್ದಾಣದಲ್ಲಿ ಏನಾದರೂ ಕಳೆದುಕೊಂಡವರು ಎಷ್ಟು ಜನ ಇದ್ದೀರಿ? ಕಳ್ಳರಿಗಲ್ಲ, ಸೆಕ್ಯುರಿಟಿಯವರಿಗೆ.

ಅಬ್ಬ, ಅರ್ಧ ಹಾಲ್ ಕೈ ಎತ್ತಿದೆ. ಏನೇನು ಹೋಯ್ತು? ಜೇನು. ಬಿದಿರು ಕಳಲೆ ಉಪ್ಪಿನಕಾಯಿ. ನೈಲ್ ಕಟರ್. ಹಿಂದೆ ಕೂತವರೊಬ್ಬರು ಪೀಚೆಕತ್ತಿ ಅನ್ನುತ್ತಿದ್ದಾರೆ. ಅಣ್ಣ, ಅದನ್ನು ಕಿತ್ತುಕೊಂಡದ್ದು ಸರಿಯೇ. ಮದುವೆ ಗಂಡಿನ ಸೊಂಟಕ್ಕೆ ಅದು ಶೋಭೆ, ಎಕ್ಸ್‌ರೇ ಮಷೀನಿಗೆ ಅದು ಬರೀ ಕತ್ತಿ. ಚೆಕ್-ಇನ್ ಲಗೇಜಿಗೆ ಹಾಕಬೇಕಿತ್ತು. ಇದನ್ನು ಮೊದಲೇ ಯಾಕೆ ಹೇಳಿದೆ ಅಂದರೆ, ತಪಾಸಣೆಯೇ ಬೇಡ ಅನ್ನುವವನು ನಾನಲ್ಲ. ಅದು ನಿಮ್ಮ ತಲೆಯಲ್ಲಿ ಇರಲಿ.

ನಾನು ಭದ್ರತೆಯ ಪಂಡಿತನೂ ಅಲ್ಲ. ಟಿಕೆಟ್ ಮಾರುವವನು. ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣ ಇಲ್ಲ, ರೈಲಂತೂ ಇಲ್ಲವೇ ಇಲ್ಲ. ಆದರೂ ಈ ಪೇಟೆಯಿಂದ ದಿನಾ ಯಾರಾದರೊಬ್ಬರು ವಿಮಾನ ಹತ್ತುತ್ತಲೇ ಇರುತ್ತಾರೆ. ಮೊದಲು ಮಂಗಳೂರು, ಬೆಂಗಳೂರು ಅಂತಿದ್ದೆವು. 2018ರ ಡಿಸೆಂಬರಿನಲ್ಲಿ ಕಣ್ಣೂರು ನಿಲ್ದಾಣ ಶುರುವಾದ ಮೇಲೆ ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಘಾಟಿ ಇಳಿದರೆ ಸಾಕು. ಗಲ್ಫಿಗೆ ಹೋಗುವ ಸಿದ್ದಾಪುರದ ಹುಡುಗರು, ಹಡಗಿನ ಅಡುಗೆಮನೆಗೆ ಹೋಗುವವರು, ನರ್ಸ್‌ಗಳು, ಮಗಳ ಬಾಣಂತನಕ್ಕೆ ಹೋಗುವ ತಾಯಂದಿರು, ಹೀಗೆ ಎಲ್ಲರೂ ನನ್ನ ಮೇಜಿನ ಮುಂದೆ ಕೂತು ಹೋದವರೇ. ವಾಪಸ್ ಬಂದ ಮೇಲೆ ಬಂದು ಕಥೆ ಹೇಳುತ್ತಾರೆ. ಟಿಕೆಟ್ ಮಾರಿದವನಿಗೆ ಬೈಗುಳವೂ ಬರುತ್ತದೆ, ಕಥೆಯೂ ಬರುತ್ತದೆ.

ಒಂದು ಕಥೆ ಮಾತ್ರ ನಾನೇ ಕಣ್ಣಾರೆ ಕಂಡದ್ದು. ಅದರಿಂದಲೇ ಶುರು ಮಾಡುತ್ತೇನೆ.

ಬಾಳೆಲೆ ಕಡೆಯ ಒಬ್ಬ ತಾಯಿ. ಎಪ್ಪತ್ತು ದಾಟಿದೆ. ಮಗಳು ಆಸ್ಟ್ರೇಲಿಯಾದಲ್ಲಿ. ಮೊದಲ ಸಲ ವಿಮಾನ. ನಾನೂ ಅದೇ ವಿಮಾನದಲ್ಲಿ ಅರ್ಧ ದಾರಿ ಹೋಗುವವನಿದ್ದೆ. ಅವರ ಮಗ ನನ್ನ ಕೈ ಹಿಡಿದು, ಸ್ವಲ್ಪ ನೋಡಿಕೊಳ್ಳಿ ಅಂದ. ಯಾವ ನಿಲ್ದಾಣ ಅಂತ ಕೇಳಬೇಡಿ, ಎಲ್ಲ ಕಡೆಯೂ ಇದೇ ಕಥೆ.

ಅವರ ಕೈಚೀಲದಲ್ಲಿ ಒಂದು ಬಾಟಲಿ. ಬ್ರಾಂಡಿಯ ಕ್ವಾರ್ಟರ್ ಬಾಟಲಿ. ಒಳಗೆ ಕಪ್ಪಗೆ, ಗಟ್ಟಿಯಾಗಿ, ಗ್ರೀಸಿನ ಹಾಗೆ ಏನೋ ಇದೆ. ನಿಮಗೆ ಗೊತ್ತಾಯ್ತು, ಅಲ್ವಾ? ಕಾಚಂಪುಳಿ. ಹಣ್ಣಿನ ರಸ ಇಳಿಸಿ, ಕುದಿಸಿ ಕುದಿಸಿ ಆ ಬಣ್ಣಕ್ಕೆ ತರೋದು. ಮಗಳಿಗೆ ಅಲ್ಲಿ ಹಂದಿ ಮಾಂಸ ಸಿಗುತ್ತದೆ, ಕಾಚಂಪುಳಿ ಸಿಗೋದಿಲ್ಲ. ವಿನೆಗರ್ ಹಾಕಿ ಮಾಡುತ್ತಾಳಂತೆ. ಅದನ್ನು ಹೇಳುವಾಗ ಈ ತಾಯಿಯ ಮುಖ ನೋಡಬೇಕಿತ್ತು, ಮಗಳು ಜಾತಿ ಕೆಟ್ಟಳೇನೋ ಅನ್ನುವ ಹಾಗೆ.

ಮಷೀನಿನ ಹತ್ತಿರ ಇದ್ದ ಹುಡುಗ ಬಾಟಲಿ ಎತ್ತಿ ಹಿಂದಿಯಲ್ಲಿ ಕೇಳಿದ, ಇದೇನು ಅಂತ. ತಾಯಿಗೆ ಹಿಂದಿ ಬಾರದು. ನಾನು ಹುಣಸೆಹುಳಿ ತರಹದ್ದು ಅಂದೆ. ಅವನಿಗೆ ನಂಬಿಕೆ ಬರಲಿಲ್ಲ. ಬ್ರಾಂಡಿ ಬಾಟಲಿಯಲ್ಲಿ ಕಪ್ಪು ದ್ರವ, ಅವನದೂ ತಪ್ಪಿಲ್ಲ. ಅಷ್ಟರಲ್ಲಿ ಈ ತಾಯಿ ಏನು ಮಾಡಿದರು ಗೊತ್ತಾ? ಬಾಟಲಿ ಇಸಿದುಕೊಂಡು, ಮುಚ್ಚಳ ತೆಗೆದು, ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕಿಬಿಟ್ಟರು. ಹುಳಿಗೆ ಒಂದು ಕಣ್ಣು ಮುಚ್ಚಿತು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಹುಡುಗನೂ ನಕ್ಕ. ಹತ್ತಿಪಟ್ಟಿಯ ತರಹದ್ದೊಂದನ್ನು ಬಾಟಲಿಗೆ ಒರೆಸಿ ಇನ್ನೊಂದು ಮಷೀನಿಗೆ ಕೊಟ್ಟರು. ಏನೂ ಇಲ್ಲ ಅಂತ ಬಂತು. ಆಮೇಲೆ ಬಾಟಲಿಯನ್ನು ಪಕ್ಕದ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿದ. 100 ಮಿಲಿಲೀಟರಿಗಿಂತ ಜಾಸ್ತಿ ಇದೆ ಅಂತ.

ತಾಯಿ ನನ್ನನ್ನು ಕೇಳಿದರು: "ವಿಷ ಅಲ್ಲ ಅಂತ ಗೊತ್ತಾಯ್ತಲ್ವಾ?" ಗೊತ್ತಾಯ್ತು ಅಂದೆ. "ಮತ್ತೆ ಯಾಕೆ?" ರೂಲ್ಸ್ ಅಂದೆ. ಸ್ವಲ್ಪ ಹೊತ್ತು ಆ ಡಬ್ಬವನ್ನೇ ನೋಡಿದರು. ಅದರ ತುಂಬ ಯಾರ್ಯಾರದೋ ಬಾಟಲಿಗಳು. "ಇದೆಲ್ಲ ಸಿಡಿಯೋ ವಸ್ತು ಅಂತಿದ್ದರೆ, ಇಷ್ಟು ಜನರ ಮಧ್ಯೆ ಯಾಕೆ ಇಟ್ಟಿದ್ದಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಓದಿದ ದೊಡ್ಡ ದೊಡ್ಡ ಲೇಖನಗಳಲ್ಲೂ ಇದೇ ಪ್ರಶ್ನೆ ಇದೆ, ಸ್ವಲ್ಪ ಉದ್ದವಾಗಿ.

ಅಷ್ಟಕ್ಕೇ ಮುಗಿಯಲಿಲ್ಲ. ಅವರು ಉಟ್ಟದ್ದು ನಮ್ಮ ಕೊಡವ ಸೀರೆ. ನೆರಿಗೆ ಹಿಂದೆ, ಹೆಗಲಿಗೆ ಪಿನ್ನು. ಆ ಮಹಿಳಾ ಸಿಬ್ಬಂದಿ ಇಂಥ ಸೀರೆ ನೋಡಿಯೇ ಇರಲಿಲ್ಲ ಅನ್ನಿಸುತ್ತದೆ. ಬೆನ್ನ ಹಿಂದೆ ಅಷ್ಟು ದಪ್ಪಕ್ಕೆ ಏನು ಕಟ್ಟಿಕೊಂಡಿದ್ದಾರೆ ಅಂತ ಎರಡು ಸಲ ಪರದೆ ಹಿಂದೆ ಕರೆದರು. ಹೊರಗೆ ಬಂದ ತಾಯಿ ವಿಮಾನ ಹತ್ತುವ ತನಕ ಮಾತೇ ಆಡಲಿಲ್ಲ. ಕೂತ ಮೇಲೆ ಮೆಲ್ಲಗೆ ಅಂದರು: "ನನ್ನ ಗಂಡ 24 ವರ್ಷ ಮಿಲಿಟರಿಯಲ್ಲಿದ್ದರು ಅಂತ ಹೇಳಬೇಕು ಅನ್ನಿಸಿತು. ಯಾಕೋ ಹೇಳಲಿಲ್ಲ."

ನೋಡಿ, ಯಾರೂ ಅವರಿಗೆ ಬೈಯಲಿಲ್ಲ. ಕೈ ಮಾಡಲಿಲ್ಲ. ಎಲ್ಲರೂ ಮರ್ಯಾದೆಯಿಂದಲೇ ಇದ್ದರು. ಆದರೂ ಆ ಹೆಂಗಸಿಗೆ ತಾನು ಯಾರು ಅಂತ ಸಾಬೀತು ಮಾಡಬೇಕು ಅನ್ನಿಸಿಬಿಟ್ಟಿತು.

ಈಗ ಈ 100 ಮಿಲಿ ಎಲ್ಲಿಂದ ಬಂತು ಅಂತ ನೋಡೋಣ. 2006ರ ಆಗಸ್ಟ್ 10. ಅಮೆರಿಕಕ್ಕೆ ಹೋಗುವ ವಿಮಾನಗಳನ್ನು ತಂಪು ಪಾನೀಯದ ಬಾಟಲಿಗಳಲ್ಲಿ ಸ್ಫೋಟಕ ತುಂಬಿ ಉಡಾಯಿಸುವ ಸಂಚನ್ನು ಲಂಡನ್ ಪೊಲೀಸರು ಹಿಡಿದರು. ಅದು ಸುಳ್ಳಲ್ಲ, ನಿಜವಾದ ಸಂಚೇ. ಆದರೆ ಹಿಡಿದದ್ದು ನಿಲ್ದಾಣದ ಸಾಲಿನಲ್ಲಿ ಅಲ್ಲ. ಪೊಲೀಸರು, ಗೂಢಚಾರರು ತುಂಬ ದಿನ ಆ ಗುಂಪಿನ ಹಿಂದೆ ಬಿದ್ದು ಹಿಡಿದದ್ದು. ಆಮೇಲೆ ದಂಡ ಕಟ್ಟಿದ್ದು ಬಾಳೆಲೆಯ ತಾಯಿ.

ಶೂ ಕಥೆಯೂ ಹಾಗೇ. 2001ರ ಡಿಸೆಂಬರಿನಲ್ಲಿ ಪ್ಯಾರಿಸ್‌ನಿಂದ ಮಯಾಮಿಗೆ ಹೋಗುವ ವಿಮಾನದಲ್ಲಿ ಒಬ್ಬ ತನ್ನ ಶೂಗೆ ಬೆಂಕಿ ಹಚ್ಚಲು ನೋಡಿದ. ಹಿಡಿದು ಕಟ್ಟಿಹಾಕಿದ್ದು ಸಿಬ್ಬಂದಿ ಮತ್ತು ಅಕ್ಕಪಕ್ಕದ ಪ್ರಯಾಣಿಕರು. 2006ರಿಂದ ಅಮೆರಿಕದಲ್ಲಿ ಎಲ್ಲರೂ ಶೂ ಬಿಚ್ಚುವುದು ಕಡ್ಡಾಯವಾಯಿತು. 2025ರ ಜುಲೈಯಲ್ಲಿ ಬೇಡ ಅಂದರು. ಹತ್ತೊಂಬತ್ತು ವರ್ಷ ಎಷ್ಟು ಕೋಟಿ ಜನ ಕಾಲ್ಚೀಲದಲ್ಲಿ ನಿಂತಿರಬೇಕು, ಯೋಚನೆ ಮಾಡಿ. ನಮ್ಮಲ್ಲೂ ಒಂದಿತ್ತು. ಕೈಚೀಲಕ್ಕೆ ಕಾಗದದ ಟ್ಯಾಗು, ಅದರ ಮೇಲೊಂದು ಸೀಲು. ಸೀಲು ಬೀಳದೆ ಗೇಟಿನವರೆಗೆ ಹೋಗಿ, ಮತ್ತೆ ಓಡಿ ವಾಪಸ್ ಬಂದವರು ಇಲ್ಲೇ ಇದ್ದೀರಿ. 2017ರಿಂದ ಒಂದೊಂದೇ ನಿಲ್ದಾಣದಲ್ಲಿ ಅದನ್ನು ಬಿಟ್ಟರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಪುಡಿಯದ್ದು ಹೇಳದೆ ಹೋದರೆ ಕೊಡಗಿನಲ್ಲಿ ಮಾತಾಡಿದ ಹಾಗಾಗೋದಿಲ್ಲ. 2017ರಲ್ಲಿ ಸಿಡ್ನಿಯಲ್ಲಿ ಒಂದು ಸಂಚು ಸಿಕ್ಕಿಬಿತ್ತು. ಮರುವರ್ಷ ಜೂನ್ 30ರಿಂದ ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಕೈಚೀಲದ ಪುಡಿ 350 ಮಿಲಿಗಿಂತ, ಅಂದರೆ ಒಂದು ಸೋಡಾ ಕ್ಯಾನಿಗಿಂತ, ಜಾಸ್ತಿ ಇದ್ದರೆ ಬಿಚ್ಚಿ ನೋಡುವುದು, ಅನುಮಾನ ಹೋಗದಿದ್ದರೆ ಅಲ್ಲೇ ಬಿಡಿಸುವುದು ಅಂತಾಯಿತು. ನಮ್ಮವರು ಅಮೆರಿಕಕ್ಕೆ ಏನು ಒಯ್ಯುತ್ತಾರೆ? ಕಾಫಿ ಪುಡಿ. ಈಗ ತಾನೇ ಹುರಿದು ಪುಡಿ ಮಾಡಿಸಿದ್ದು, ಪರಿಮಳ ಹೋಗಬಾರದು ಅಂತ ಮೂರು ಕವರು ಸುತ್ತಿ, ಮೇಲೆ ಅಂಟುಪಟ್ಟಿ ಹಾಕಿ. ಆ ಕಟ್ಟು ಎಕ್ಸ್‌ರೇಯಲ್ಲಿ ಹೇಗೆ ಕಾಣುತ್ತದೆ ಅಂತ ನೀವೇ ಊಹಿಸಿ! ನಾನು ಎಲ್ಲರಿಗೂ ಹೇಳುತ್ತೇನೆ, ದೊಡ್ಡ ಸೂಟ್‌ಕೇಸಿಗೆ ಹಾಕಿ ಅಂತ. ಕೇಳೋದಿಲ್ಲ. ಸೂಟ್‌ಕೇಸ್ ಕಳೆದುಹೋದರೆ ಏನು ಮಾಡೋದು ಅನ್ನುತ್ತಾರೆ. ಬಟ್ಟೆ ಹೋದರೆ ಪರವಾಗಿಲ್ಲ, ಕಾಫಿ ಪುಡಿ ಹೋಗಬಾರದು.

ಇನ್ನೊಂದು, ತೆಂಗಿನಕಾಯಿ. ನಮ್ಮಿಂದ ಶಬರಿಮಲೆಗೆ ಹೋಗುವವರು ಹೆಚ್ಚಾಗಿ ರಸ್ತೆಯಲ್ಲೇ ಹೋಗುವುದು. ಬೆಂಗಳೂರಿನಲ್ಲಿರುವ ಹುಡುಗರು ಮಾತ್ರ ಕೊಚ್ಚಿಗೆ ಹಾರುತ್ತಾರೆ. ಇರುಮುಡಿಯಲ್ಲಿ ತೆಂಗಿನಕಾಯಿ ಇರಲೇಬೇಕು. ವಿಮಾನದೊಳಗೆ ತೆಂಗಿನಕಾಯಿಗೆ ಪ್ರವೇಶ ಇಲ್ಲ. 2024ರ ಅಕ್ಟೋಬರಿನಲ್ಲಿ ಸರ್ಕಾರ ರಿಯಾಯಿತಿ ಕೊಟ್ಟಿತು, ಮುಂದಿನ ಜನವರಿ 20ರ ತನಕ ಒಯ್ಯಬಹುದು ಅಂತ. ಹಾಗಾದರೆ ಜನವರಿ 21ರಂದು ಅದೇ ತೆಂಗಿನಕಾಯಿ ಅಪಾಯಕಾರಿ ಆಗಿಬಿಡುತ್ತಾ? ನಗಬೇಡಿ, ಇದರಲ್ಲಿ ಒಂದು ಒಳ್ಳೆಯದಿದೆ. ಆ ರಿಯಾಯಿತಿಯಲ್ಲಿ ಏನಿತ್ತು ಅಂದರೆ, ಎಕ್ಸ್‌ರೇ ಮಾಡಿ, ಸ್ಫೋಟಕದ ಪರೀಕ್ಷೆ ಮಾಡಿ, ಕೈಯಲ್ಲಿ ಮುಟ್ಟಿ ನೋಡಿ ಬಿಡಿ ಅಂತ. ಅಂದರೆ ಮನಸ್ಸು ಮಾಡಿದರೆ ವಸ್ತುವನ್ನು ನೋಡಿ ತೀರ್ಮಾನ ಮಾಡಬಹುದು. ಸಿಖ್ಖರ ಕಿರ್ಪಾಣಕ್ಕೂ ಹಾಗೇ ಅಳತೆ ಇದೆ. ಅಲಗು ಆರು ಇಂಚು ಮೀರಬಾರದು, ದೇಶದೊಳಗಿನ ಪ್ರಯಾಣದಲ್ಲಿ ಮಾತ್ರ. ಯಾರೋ ಕೂತು, ಯೋಚಿಸಿ, ಅಳೆದು ಬರೆದದ್ದು. ಆ ತಾಯಿಯ ಬಾಟಲಿಯನ್ನು ಪರೀಕ್ಷೆ ಮಾಡಿ, ಏನೂ ಇಲ್ಲ ಅಂತ ಗೊತ್ತಾದ ಮೇಲೂ ಎಸೆದರಲ್ಲ, ಅಲ್ಲಿ ಯೋಚನೆ ನಿಂತುಹೋಗಿತ್ತು.

ಹಳೆಯ ಕಾಲದಲ್ಲಿ ಇದು ಉಲ್ಟಾ ಇತ್ತು. ತಪಾಸಣೆ ಅನ್ನೋದು ಹೆಸರಿಗೆ. 1971ರ ಜನವರಿಯಲ್ಲಿ ಶ್ರೀನಗರದಿಂದ ಹೊರಟ 'ಗಂಗಾ' ಅನ್ನೋ ವಿಮಾನವನ್ನು ಇಬ್ಬರು ಹುಡುಗರು ಆಟಿಕೆ ಪಿಸ್ತೂಲು ತೋರಿಸಿ ಲಾಹೋರಿಗೆ ಒಯ್ದರು. 1978ರ ಡಿಸೆಂಬರ್ ನೆನಪಿದೆಯಾ? ಆ ವರ್ಷ ನಮ್ಮ ಚಿಕ್ಕಮಗಳೂರಿನಿಂದ ಗೆದ್ದ ಇಂದಿರಾ ಗಾಂಧಿಯವರನ್ನು ಲೋಕಸಭೆಯಿಂದ ಹೊರಹಾಕಿ ಜೈಲಿಗೆ ಕಳಿಸಿದರು. ಮರುದಿನ ಪಾಂಡೆ ಅನ್ನುವ ಇಬ್ಬರು ಲಕ್ನೋದಿಂದ ದಿಲ್ಲಿಗೆ ಹೋಗುತ್ತಿದ್ದ ವಿಮಾನವನ್ನು ಅಪಹರಿಸಿ ವಾರಾಣಸಿಯಲ್ಲಿ ಇಳಿಸಿದರು. ಅವರ ಕೈಯಲ್ಲಿದ್ದದ್ದು ಆಟಿಕೆ ಪಿಸ್ತೂಲು ಮತ್ತು ಒಂದು ಕ್ರಿಕೆಟ್ ಚೆಂಡು. ಎರಡು ವರ್ಷ ಆದ ಮೇಲೆ ಇಬ್ಬರೂ ಶಾಸಕರಾದರು! ಈಗ ನೈಲ್ ಕಟರ್ ಒಯ್ದವನನ್ನು ಗುರಾಯಿಸಿ ನೋಡುವ ದೇಶ ಇದೇ.

ಆದರೆ 1985ರ ಕನಿಷ್ಕ ನಗುವ ವಿಷಯ ಅಲ್ಲ. ಜೂನ್ 23. ಕೆನಡಾದಿಂದ ಹೊರಟ ಏರ್ ಇಂಡಿಯಾ ವಿಮಾನ ಸಮುದ್ರದ ಮೇಲೆ ಸ್ಫೋಟಿಸಿತು. 329 ಜನ. ಬಾಂಬ್ ಇದ್ದದ್ದು ಕೆಳಗಿನ ಲಗೇಜಿನಲ್ಲಿ. ಆ ಸೂಟ್‌ಕೇಸ್ ಕೊಟ್ಟವನು ವಿಮಾನ ಹತ್ತಲೇ ಇಲ್ಲ. ವ್ಯಾಂಕೂವರಿನ ಕೌಂಟರಿನಲ್ಲಿ ಜಗಳ ಮಾಡಿ ಸೂಟ್‌ಕೇಸ್ ಮುಂದಕ್ಕೆ ಕಳಿಸಿದ್ದ. ಹಿಂದೆ ಉದ್ದ ಸಾಲು, ಕೌಂಟರಿನವರು ಸಾಕಾಗಿ ಒಪ್ಪಿಕೊಂಡರು. ಟೊರಾಂಟೊದಲ್ಲಿ ಎಕ್ಸ್‌ರೇ ಮಷೀನು ಕೆಟ್ಟಿತ್ತು. ನಾನೂ ಕೌಂಟರಿನಲ್ಲಿ ಕೂರುವವನೇ. ಸಾಲು ಉದ್ದ ಇದ್ದಾಗ, ಎದುರಿಗಿದ್ದವನು ಗಲಾಟೆ ಮಾಡಿದಾಗ, ಆಯ್ತು ಮಾರಾಯ ಹೋಗು ಅನ್ನೋದು ಎಷ್ಟು ಸುಲಭ ಅಂತ ನನಗೆ ಗೊತ್ತು. ಅದಕ್ಕೇ ಈ ಘಟನೆ ಓದಿದಾಗೆಲ್ಲ ಕೈ ತಣ್ಣಗಾಗುತ್ತದೆ.

ಅದರಿಂದ ಗಟ್ಟಿಯಾದ ಒಂದು ನಿಯಮ ಇವತ್ತೂ ಇದೆ. ಪ್ರಯಾಣಿಕ ಹತ್ತದಿದ್ದರೆ ಅವನ ಲಗೇಜು ಇಳಿಸಬೇಕು. ನೀವು ವಿಮಾನದೊಳಗೆ ಕೂತು, ಯಾಕಪ್ಪ ಇನ್ನೂ ಹೊರಟಿಲ್ಲ ಅಂತ ಬೈದುಕೊಳ್ಳುವಾಗ ಕೆಲವು ಸಲ ಕೆಳಗೆ ನಡೆಯುತ್ತಿರುವುದು ಅದೇ. ಆ ನಿಯಮಕ್ಕೆ ಕೈ ಮುಗಿಯುತ್ತೇನೆ. ಅದು ಯಾರ ಮುಖವನ್ನೂ ನೋಡೋದಿಲ್ಲ, ಗಡ್ಡ ನೋಡೋದಿಲ್ಲ, ಹೆಸರು ಕೇಳೋದಿಲ್ಲ. ಚೀಲ ಒಳಗಿದೆ, ಮನುಷ್ಯ ಒಳಗಿಲ್ಲ, ಹಾಗಿದ್ದರೆ ಚೀಲ ಹೊರಗೆ. ಮುಗಿಯಿತು.

ಈಗ ಲೆಕ್ಕದ ಮಾತು ಸ್ವಲ್ಪ. ನಿದ್ದೆ ಮಾಡಬೇಡಿ, ಕಾಫಿಯಲ್ಲೇ ಹೇಳುತ್ತೇನೆ.

ಕ್ಯೂರಿಂಗ್ ವರ್ಕ್ಸಿನಲ್ಲಿ ಬಣ್ಣ ನೋಡಿ ಬೀಜ ಆರಿಸುವ ಮಷೀನು ನೋಡಿದ್ದೀರಿ. ಕಪ್ಪು ಬೀಜ ಬಂದರೆ ಗಾಳಿ ಊದಿ ಆಚೆ ತಳ್ಳುತ್ತದೆ. ಅದು ನೂರಕ್ಕೆ 99 ಸಲ ಸರಿ ಹೇಳುತ್ತದೆ ಅಂತ ಇಟ್ಟುಕೊಳ್ಳಿ. ಮೂಟೆಯಲ್ಲಿ ಹಾಳು ಬೀಜ ಸಾಕಷ್ಟು ಇದ್ದರೆ ಆ ಮಷೀನು ಬಂಗಾರ. ಆದರೆ ಐದು ಲಕ್ಷ ಬೀಜದಲ್ಲಿ ಒಂದೇ ಒಂದು ಕೆಟ್ಟದ್ದು ಅಂತಾದರೆ? ಆ ಒಂದನ್ನು ಹಿಡಿಯಲು ಐದು ಸಾವಿರ ಒಳ್ಳೆಯ ಬೀಜ ಆಚೆ ಬೀಳುತ್ತವೆ. ಆಚೆ ಬಿದ್ದ ರಾಶಿ ನೋಡಿದವನು, ಓಹೋ ಎಷ್ಟು ಹಾಳು ಬೀಜ ಅಂದುಕೊಳ್ಳುತ್ತಾನೆ. ಐದು ಲಕ್ಷ ಅಂತ ಸುಮ್ನೆ ಹೇಳಿದ್ದಲ್ಲ. 2024ರ ನವೆಂಬರ್ 17ರಂದು ನಮ್ಮ ದೇಶದೊಳಗೇ ಒಂದು ದಿನದಲ್ಲಿ ವಿಮಾನ ಹತ್ತಿದವರು ಐದು ಲಕ್ಷ ದಾಟಿದರು. ಅವರಲ್ಲಿ ಬಾಂಬ್ ಇಟ್ಟವರು ಯಾರೂ ಇರಲಿಲ್ಲ. ಹೆಚ್ಚುಕಮ್ಮಿ ಎಲ್ಲ ದಿನವೂ ಯಾರೂ ಇರೋದಿಲ್ಲ. ಹಾಗಾಗಿ ಅನುಮಾನ ಬಂದು ಪಕ್ಕಕ್ಕೆ ಕರೆದವರೆಲ್ಲ, ಹೆಚ್ಚುಕಮ್ಮಿ ಎಲ್ಲರೂ, ನಿಮ್ಮಂಥವರೇ.

ಅಮೆರಿಕದವರು ಮುಖಚರ್ಯೆ ನೋಡಿ ಕೆಟ್ಟವರನ್ನು ಹಿಡಿಯುತ್ತೇವೆ ಅಂತ ಒಂದು ಯೋಜನೆ ಮಾಡಿದರು. ಬೆವರುತ್ತಾನಾ, ಕಣ್ಣು ತಪ್ಪಿಸುತ್ತಾನಾ, ಹೀಗೆ. 2007ರಿಂದ ಸುಮಾರು 90 ಕೋಟಿ ಡಾಲರ್ ಸುರಿದರು. 2013ರಲ್ಲಿ ಅವರದೇ ಲೆಕ್ಕ ತಪಾಸಣೆ ಕಚೇರಿ, ಇದು ಕೆಲಸ ಮಾಡುತ್ತದೆ ಅನ್ನೋದಕ್ಕೆ ಪುರಾವೆ ಇಲ್ಲ, ದುಡ್ಡು ಕಡಿಮೆ ಮಾಡಿ ಅಂದಿತು. ಮೊದಲ ಸಲ ವಿಮಾನ ಹತ್ತುವ ನಮ್ಮ ಹಳ್ಳಿಯವರು ಬೆವರದೆ ಇರುತ್ತಾರಾ? ಎಸ್ಕಲೇಟರ್ ನೋಡಿಯೇ ಬೆವರುತ್ತಾರೆ. ಇನ್ನೊಂದು ಕಡೆ, 2015ರಲ್ಲಿ ಅಲ್ಲಿನ ಸರ್ಕಾರದ ಜನರೇ ಮಾರುವೇಷದಲ್ಲಿ ನಕಲಿ ಬಾಂಬ್, ಆಯುಧ ಒಯ್ದು ಪರೀಕ್ಷೆ ಮಾಡಿದರು. 70 ಸಲದಲ್ಲಿ 67 ಸಲ ಸಿಕ್ಕಿಬೀಳಲಿಲ್ಲ. ನೀರಿನ ಬಾಟಲಿ ಮಾತ್ರ ಯಾವತ್ತೂ ತಪ್ಪಿಸಿಕೊಂಡದ್ದಿಲ್ಲ.

ದಾರಿಯಲ್ಲಿ ಹೋಗುವವರಿಗೆಲ್ಲ ಬೊಗಳುವ ನಾಯಿ ನಿಮ್ಮ ತೋಟದಲ್ಲೂ ಇರಬಹುದು. ಮೊದಲ ವಾರ ಎದ್ದು ಬ್ಯಾಟರಿ ಹಾಕಿ ನೋಡುತ್ತೀರಿ. ಆಮೇಲೆ ಮಗ್ಗುಲು ಬದಲಿಸುತ್ತೀರಿ. ಆನೆ ಬಂದ ರಾತ್ರಿಯೂ ಮಗ್ಗುಲೇ ಬದಲಿಸುತ್ತೀರಿ.

2009ರ ಕ್ರಿಸ್ಮಸ್ ದಿನ ಡೆಟ್ರಾಯಿಟಿಗೆ ಹೋಗುವ ವಿಮಾನದಲ್ಲಿ ಒಬ್ಬ ನೈಜೀರಿಯಾದ ಹುಡುಗ ಒಳಉಡುಪಿನಲ್ಲಿ ಸ್ಫೋಟಕ ಇಟ್ಟುಕೊಂಡಿದ್ದ. ಒಂದು ತಿಂಗಳ ಹಿಂದೆ ಅವನ ತಂದೆಯೇ ಅಮೆರಿಕದ ರಾಯಭಾರ ಕಚೇರಿಗೆ ಹೋಗಿ, ನನ್ನ ಮಗ ದಾರಿ ತಪ್ಪಿದ್ದಾನೆ, ಭಯ ಆಗುತ್ತಿದೆ ಅಂತ ಹೇಳಿದ್ದ. ಹೆತ್ತ ತಂದೆ! ಅದಕ್ಕಿಂತ ಗಟ್ಟಿ ಮಾಹಿತಿ ಇನ್ನೇನು ಬೇಕು? ಅದು ಯಾವುದೋ ಪಟ್ಟಿಯಲ್ಲಿ ಸೇರಿ ಕೂತಿತು. ಆಮೇಲೆ ಇಡೀ ಲೋಕ ಕೈ ಮೇಲೆತ್ತಿ ದೇಹದ ಸ್ಕ್ಯಾನರಿನೊಳಗೆ ನಿಂತಿತು.

ನಮ್ಮ ಹತ್ತಿರದ ಮಂಗಳೂರಿಗೇ ಬರೋಣ. ಅಲ್ಲಿ ಎರಡು ಘಟನೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

2022ರ ಆಗಸ್ಟ್ 14, ಸ್ವಾತಂತ್ರ್ಯ ದಿನದ ಹಿಂದಿನ ದಿನ. ಮುಂಬೈಗೆ ಹೋಗುವ ವಿಮಾನ ಹೊರಡಲು ತಯಾರು. ಒಬ್ಬ ಮಹಿಳೆ ಸಹಪ್ರಯಾಣಿಕನ ಫೋನಿನಲ್ಲಿ ಒಂದು ಮೆಸೇಜ್ ನೋಡಿದರು. ಗಾಬರಿಯಾಗಿ ಸಿಬ್ಬಂದಿಗೆ ಹೇಳಿದರು. ವಿಮಾನ ವಾಪಸ್ ಬಂತು. ಎಲ್ಲರನ್ನೂ ಇಳಿಸಿ, ಎಲ್ಲ ಚೀಲವನ್ನೂ ಶೋಧಿಸಿದರು. ಆರು ಗಂಟೆ ತಡವಾಗಿ, 185 ಜನರನ್ನು ಹೊತ್ತು ಸಂಜೆ ಐದಕ್ಕೆ ಹೊರಟಿತು. ಆ ಮೆಸೇಜ್ ಏನು ಗೊತ್ತಾ? ಆ ಹುಡುಗ ಮತ್ತು ಅವನ ಗೆಳತಿ ತಮಾಷೆ ಮಾಡಿಕೊಂಡಿದ್ದು. ಅವಳೂ ಅದೇ ನಿಲ್ದಾಣದಲ್ಲಿದ್ದಳು, ಬೆಂಗಳೂರಿಗೆ ಹೋಗುವವಳು. ಇವನನ್ನು ಗಂಟೆಗಟ್ಟಲೆ ವಿಚಾರಣೆ ಮಾಡಿದರು, ಅವಳ ವಿಮಾನವೂ ತಪ್ಪಿಹೋಯಿತು. ಆ ಮಹಿಳೆಯನ್ನು ನಾನು ಪೂರ್ತಿ ಬೈಯಲಾರೆ. ಅನುಮಾನ ಬಂದರೆ ತಿಳಿಸಿ, ತಿಳಿಸಿ ಅಂತ ಮೈಕಿನಲ್ಲಿ ದಿನಾ ಹೇಳಿಸಿದ್ದು ಯಾರು? ಆದರೆ ಪಕ್ಕದವನ ಫೋನಿಗೆ ಕಣ್ಣು ಹಾಕಿದ್ದು ಮಾತ್ರ ಸರಿಯಲ್ಲ. ನನ್ನ ಹೆಂಡತಿ ನನ್ನ ಫೋನ್ ನೋಡಿದರೂ ಅರ್ಧ ವಿಮಾನ ನಿಲ್ಲಬಹುದು, ನಾವು ಗೆಳೆಯರು ಆಡುವ ಭಾಷೆ ಹಾಗಿದೆ.

ಇನ್ನೊಂದು 2020ರ ಜನವರಿ 20. ಅದೇ ನಿಲ್ದಾಣ. ಟಿಕೆಟ್ ಕೌಂಟರಿನ ಹತ್ತಿರ ವಾರಸುದಾರರಿಲ್ಲದ ಒಂದು ಲ್ಯಾಪ್‌ಟಾಪ್ ಬ್ಯಾಗ್. ನಿಲ್ದಾಣ ಕಾಯುವ ಸಿಐಎಸ್‌ಎಫ್ ಸಿಬ್ಬಂದಿಯ ಕಣ್ಣಿಗೆ ಬಿತ್ತು. ಒಳಗೆ ನಿಜವಾದ ಬಾಂಬ್. ದೂರದ ಬಯಲಿಗೆ ಒಯ್ದು ಸಿಡಿಸಿದರು. ಅವರು ನೋಡಿದ್ದು ಬ್ಯಾಗನ್ನು. ನಾವು ಏನು ಮಾಡಿದೆವು? ಎರಡು ದಿನ ವಾಟ್ಸಾಪಿನಲ್ಲಿ ಯಾರ ಮೇಲೆ ಕೈ ತೋರಿಸಿದೆವು ಅಂತ ನೆನಪು ಮಾಡಿಕೊಳ್ಳಿ. ನನಗೂ ಬಂದಿತ್ತು, ಇಲ್ಲಿ ಕೂತವರು ಕೆಲವರೇ ಕಳಿಸಿದ್ದು. ಮೂರನೆಯ ದಿನ ಒಬ್ಬ ಬೆಂಗಳೂರಿನಲ್ಲಿ ತಾನಾಗಿ ಪೊಲೀಸರ ಮುಂದೆ ಹಾಜರಾದ. ಓದಿದವನು, ಯಾವ ಸಂಘಟನೆಯವನೂ ಅಲ್ಲ. 2018ರಲ್ಲಿ ಬೆಂಗಳೂರು ನಿಲ್ದಾಣಕ್ಕೆ ಹುಸಿ ಬಾಂಬ್ ಕರೆ ಮಾಡಿ ಜೈಲಿಗೂ ಹೋಗಿ ಬಂದವನು. ಅವನಿಗೆ 2022ರಲ್ಲಿ ಕೋರ್ಟು 20 ವರ್ಷ ಶಿಕ್ಷೆ ಕೊಟ್ಟಿತು. ನಾವು ಕೈ ತೋರಿಸಿದ್ದ ಕಡೆಯವನು ಅವನಾಗಿರಲಿಲ್ಲ. ಆಮೇಲೆ ಒಬ್ಬರೂ, ತಪ್ಪಾಯ್ತು ಅಂತ ಇನ್ನೊಂದು ಮೆಸೇಜ್ ಕಳಿಸಲಿಲ್ಲ. ನಾನೂ ಸೇರಿ.

ಹೆಸರಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಟಿಕೆಟಿನವನಿಗೆ ದಿನಾ ತಲೆನೋವು ಅದೇ. ನಮ್ಮಲ್ಲಿ ಮನೆಹೆಸರು ಮೊದಲು, ಆಮೇಲೆ ಅಪ್ಪನ ಹೆಸರಿನ ಅಕ್ಷರ, ಆಮೇಲೆ ನಮ್ಮ ಹೆಸರು. ಪಾಸ್‌ಪೋರ್ಟಿನಲ್ಲಿ ಒಂದು ತರಹ, ಆಧಾರಿನಲ್ಲಿ ಇನ್ನೊಂದು ತರಹ. ಕಂಪ್ಯೂಟರಿಗೆ ಇದು ಅರ್ಥ ಆಗೋದಿಲ್ಲ. ಹೆಸರು ಒಂದೇ ಅಂತ ಸಿಕ್ಕಿಬಿದ್ದವರು ದೊಡ್ಡವರೂ ಇದ್ದಾರೆ. ಅಮೆರಿಕದ ಸೆನೆಟರ್ ಟೆಡ್ ಕೆನಡಿ, ಅವರ ಅಣ್ಣ ಆ ದೇಶದ ಅಧ್ಯಕ್ಷರಾಗಿದ್ದವರು, 2004ರಲ್ಲಿ ಅವರನ್ನೇ ಕೌಂಟರಿನಲ್ಲಿ ಮತ್ತೆ ಮತ್ತೆ ತಡೆದರು. ಪಟ್ಟಿಯಲ್ಲಿ ಅಂಥದ್ದೇ ಒಂದು ಹೆಸರಿತ್ತಂತೆ. ಮಂತ್ರಿಗೇ ಫೋನ್ ಮಾಡಬಲ್ಲ ಮನುಷ್ಯನಿಗೂ ಅದನ್ನು ಸರಿಮಾಡಿಸಲು ವಾರಗಳು ಬೇಕಾದವು. ನಮ್ಮ ಅಬ್ದುಲ್ ಕಲಾಂ ಅವರನ್ನು 2009ರಲ್ಲಿ ದಿಲ್ಲಿಯಲ್ಲೇ ಒಂದು ಅಮೆರಿಕನ್ ಕಂಪನಿಯವರು ಮೈ ತಡಕಿ ಪರೀಕ್ಷೆ ಮಾಡಿದರು. ಮಾಜಿ ರಾಷ್ಟ್ರಪತಿಗೆ ತಪಾಸಣೆಯಿಂದ ವಿನಾಯಿತಿ ಇದೆ. ಅವರು ಒಂದು ಮಾತೂ ಆಡದೆ ಸಹಕರಿಸಿದರು. ಅದು ಅವರ ದೊಡ್ಡತನ ಅಂತ ಪೇಪರಿನಲ್ಲಿ ಬರೆದರು. ನನಗೆ ಮಾತ್ರ ಬಾಳೆಲೆಯ ತಾಯಿ ನೆನಪಾದರು. ಅವರೂ ಮಾತಾಡಲಿಲ್ಲ.

ಡಾಕ್ಟರ್ ಹನೀಫ್ ಅವರದ್ದು ಇವರೆಲ್ಲರಿಗಿಂತ ದೊಡ್ಡ ಕಥೆ. ನಮ್ಮ ರಾಜ್ಯದವರೇ, ಮೂಡಿಗೆರೆಯಲ್ಲಿ ಹುಟ್ಟಿದವರು. ನಮ್ಮ ಹಾಗೇ ಕಾಫಿ ಸೀಮೆ. 2007ರಲ್ಲಿ ಆಸ್ಟ್ರೇಲಿಯಾದ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಬೆಂಗಳೂರಿನಲ್ಲಿ ಹೆಂಡತಿಗೆ ಹೆಣ್ಣುಮಗು ಹುಟ್ಟಿತು. ಮಗು ನೋಡಲು ಹೊರಟರು. ಜುಲೈ 2ರಂದು ಬ್ರಿಸ್ಬೇನ್ ನಿಲ್ದಾಣದಲ್ಲಿ ಹಿಡಿದರು. ಎರಡು ದಿನ ಹಿಂದೆ ಸ್ಕಾಟ್ಲೆಂಡಿನ ಗ್ಲಾಸ್ಗೋ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಿದ್ದರಲ್ಲ, ಅದರಲ್ಲಿದ್ದವರಲ್ಲಿ ಒಬ್ಬ ಇವರ ದೂರದ ಸಂಬಂಧಿ. ಇಂಗ್ಲೆಂಡಿನಿಂದ ಬರುವಾಗ ಇವರು ತಮ್ಮ ಸಿಮ್ ಕಾರ್ಡನ್ನು ಆ ಮನೆಯ ಇನ್ನೊಬ್ಬನಿಗೆ ಕೊಟ್ಟು ಬಂದಿದ್ದರು. ಅದರಲ್ಲಿ ಟಾಕ್‌ಟೈಮ್ ಉಳಿದಿತ್ತು, ಅಷ್ಟೇ. ಆ ಸಿಮ್ಮು ಉರಿದ ಜೀಪಿನಲ್ಲೇ ಸಿಕ್ಕಿತು ಅಂತ ಮೊದಲು ಹೇಳಿದರು. ಸುಳ್ಳು. ಅದು ಅಲ್ಲಿಂದ ಎಷ್ಟೋ ದೂರ, ಲಿವರ್‌ಪೂಲಿನಲ್ಲಿತ್ತು. ಆರೋಪ ಹೊರಿಸದೆಯೇ 12 ದಿನ ಇಟ್ಟುಕೊಂಡರು. ಜುಲೈ 27ಕ್ಕೆ ಕೇಸು ಬಿದ್ದುಹೋಯಿತು. ಆಮೇಲೆ ಅಲ್ಲಿನ ಸರ್ಕಾರ ನೇಮಿಸಿದ ವಿಚಾರಣೆಯಲ್ಲಿ ಅವರು ನಿರಪರಾಧಿ ಅಂತ ಬಂತು, 2010ರಲ್ಲಿ ಪರಿಹಾರವನ್ನೂ ಕೊಟ್ಟರು.

ಪೊಲೀಸರಿಗೆ ಅವರ ಮೇಲೆ ಅನುಮಾನ ಜಾಸ್ತಿ ಮಾಡಿದ ವಿಷಯಗಳಲ್ಲಿ ಒಂದು ಯಾವುದು ಗೊತ್ತಾ? ಒನ್‌ವೇ ಟಿಕೆಟ್. ಹೋಗುವುದಕ್ಕೆ ಮಾತ್ರ ಟಿಕೆಟ್ ಇದೆ, ಬರುವುದಕ್ಕೆ ಇಲ್ಲ, ಓಡಿಹೋಗುತ್ತಿದ್ದಾನೆ ಅಂತ. ನಾನು ಎಷ್ಟು ಒನ್‌ವೇ ಟಿಕೆಟ್ ಮಾರಿದ್ದೇನೆ ಅಂತ ಲೆಕ್ಕ ಇಲ್ಲ. ರಜೆ ಎಷ್ಟು ಸಿಗುತ್ತದೋ ಗೊತ್ತಿಲ್ಲದವರು, ದುಡ್ಡು ಈಗ ಅಷ್ಟೇ ಇರುವವರು, ಮಾವ ವಾಪಸ್ ಟಿಕೆಟ್ ಮಾಡಿಸಿಕೊಡುತ್ತಾರೆ ಅನ್ನುವವರು. ಎಲ್ಲರೂ ಅದನ್ನೇ ಕೊಳ್ಳುತ್ತಾರೆ.

ಇಲ್ಲಿ ಒಂದು ನಿಮಿಷ ದಾರಿ ಬಿಟ್ಟು ಹೋಗುತ್ತೇನೆ. ಕೋವಿಯ ವಿಷಯ. ಕೊಡವರಿಗೆ, ಜಮ್ಮಾ ಅಂದರೆ ತಲೆತಲಾಂತರದಿಂದ ಬಂದ ಜಮೀನಿನ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹೊರಗಿನವರಿಗೆ ಇದು ಕೇಳಿದರೆ ಆಶ್ಚರ್ಯ. ಇಷ್ಟು ಮನೆಯಲ್ಲಿ ಕೋವಿ ಇದ್ದರೂ ನಿಮಗೆ ಪಕ್ಕದ ಮನೆಯವರ ಭಯ ಇಲ್ವಾ ಅಂತ ಕೇಳುತ್ತಾರೆ. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊದ್ ದಿನ ಆ ಕೋವಿಯ ನಳಿಗೆಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಇಟ್ಟದ್ದನ್ನು ನೋಡಿ ಬೆಳೆದವರು ನಾವು. ಭಯ ಯಾಕೆ ಇಲ್ಲ ಅಂದರೆ ಆ ಮನೆಯವರ ಅಜ್ಜ ಯಾರು, ಅತ್ತೆ ಯಾವ ಊರಿನವರು, ಕುಡಿದರೆ ಹೇಗೆ ಆಡುತ್ತಾರೆ, ಎಲ್ಲ ಗೊತ್ತು. ನಿಲ್ದಾಣದಲ್ಲಿ ಯಾರೂ ಯಾರಿಗೂ ಗೊತ್ತಿಲ್ಲ. ಅದಕ್ಕೇ ಚೀಲ ನೋಡಲಿ, ಎಲ್ಲರದೂ ಒಂದೇ ತರಹ ನೋಡಲಿ ಅನ್ನುತ್ತೇನೆ. ಗೊತ್ತಿಲ್ಲದ ಕಡೆ ಹೆಸರು ಓದಿ, ಗಡ್ಡ ನೋಡಿ ಗೊತ್ತು ಮಾಡಿಕೊಂಡ ಹಾಗೆ ನಟಿಸಬಾರದು.

ನಮ್ಮಲ್ಲಿ ಜಮ್ಮಾ ಮಾಪಿಳ್ಳೆಗಳಿದ್ದಾರೆ, ನಿಮಗೆಲ್ಲ ಗೊತ್ತು. ಮನೆಹೆಸರು ಕೊಡವರದ್ದೇ, ಮುಂದಿನ ಹೆಸರು ಮುಸ್ಲಿಮರದ್ದು. ಕೆಲವು ವರ್ಷದ ಹಿಂದೆ ಇಬ್ಬರು ಗೆಳೆಯರಿಗೆ ಒಂದೇ ದಿನ ಟಿಕೆಟ್ ಮಾಡಿಕೊಟ್ಟೆ. ಒಬ್ಬ ಕೊಡವ, ಒಬ್ಬ ಮಾಪಿಳ್ಳೆ. ಒಂದೇ ಶಾಲೆಯಲ್ಲಿ ಹಾಕಿ ಆಡಿದವರು, ಒಂದೇ ಹಡಗಿನಲ್ಲಿ ಕೆಲಸ. ಒಂದೇ ತರಹದ ಕೆಂಪು ಬ್ಯಾಗು, ಇಬ್ಬರೂ ಒಟ್ಟಿಗೆ ಕೊಂಡದ್ದು. ಹಡಗು ಸೇರುವಷ್ಟರಲ್ಲಿ ಎರಡನೆಯವನನ್ನು ಮೂರು ಕಡೆ ಪಕ್ಕಕ್ಕೆ ಕರೆದರು. ಮೊದಲನೆಯವನು ಮೂರೂ ಕಡೆ ಎರಡೂ ಬ್ಯಾಗು ಹಿಡಿದುಕೊಂಡು ಕಾಯುತ್ತಾ ನಿಂತಿದ್ದ. ಮೂರನೆಯ ಕಡೆ, ನನ್ನನ್ನೂ ಚೆಕ್ ಮಾಡಿ ಅಂತ ತಾನೇ ಹೋಗಿ ಕೇಳಿದನಂತೆ. ಅವರು ನಕ್ಕು, ನಿಮ್ಮದು ಆಯ್ತು ಹೋಗಿ ಅಂದರಂತೆ.

ಈಗ ನನ್ನದೊಂದು ಹೇಳಿಬಿಡುತ್ತೇನೆ. ಇಷ್ಟೆಲ್ಲ ಮಾತಾಡಿ ಇದನ್ನು ಮುಚ್ಚಿಟ್ಟರೆ ಸರಿಯಾಗೋದಿಲ್ಲ.

ಹನೀಫ್ ಅವರ ಸುದ್ದಿ ಓದಿದ ಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಕೆಲವು ಹೆಸರಿನವರು ಬಂದರೆ ಒನ್‌ವೇ ಬೇಡ, ರಿಟರ್ನ್ ಮಾಡಿಸಿ ಅನ್ನುತ್ತೇನೆ. ದುಡ್ಡು ಜಾಸ್ತಿ ಆಗುತ್ತದೆ, ಆದರೂ ಮಾಡಿಸಿ. ಮೂರು ಗಂಟೆ ಮುಂಚೆ ಅಲ್ಲ, ನಾಲ್ಕು ಗಂಟೆ ಮುಂಚೆ ಹೋಗಿ. ಕೆಲಸದ ಪತ್ರದ ಪ್ರಿಂಟ್ ಇಟ್ಟುಕೊಳ್ಳಿ. ಅವರ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಅಂತ ನನ್ನ ಲೆಕ್ಕ. ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಬಂದ, ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ಅವನ ಮುಂದೆ ಇನ್ನೊಬ್ಬ ಹುಡುಗ ದುಬೈಗೆ ಒನ್‌ವೇ ತೆಗೆದುಕೊಂಡು ಎದ್ದು ಹೋಗಿದ್ದ. ಇವನ ಪಾಸ್‌ಪೋರ್ಟ್ ತೆಗೆದು ಹೆಸರು ನೋಡಿದೆ, ನನ್ನ ಪಾಠ ಶುರು ಮಾಡಿದೆ. ರಿಟರ್ನ್ ಟಿಕೆಟ್, ನಾಲ್ಕು ಗಂಟೆ, ಪ್ರಿಂಟು.

ಅವನು ಎಲ್ಲ ಕೇಳಿದ. ಆಮೇಲೆ ತುಂಬ ಮರ್ಯಾದೆಯಿಂದ ಕೇಳಿದ: "ಈಗ ಹೋದವರಿಗೂ ಇದೇ ಹೇಳಿದ್ರಾ ಅಂಕಲ್?"

ಪ್ರಿಂಟರಿನಲ್ಲಿ ಕಾಗದ ಇತ್ತು. ಆದರೂ ಎದ್ದು ಹೋಗಿ ಕಾಗದ ಇದೆಯಾ ಅಂತ ನೋಡಿದೆ.